ಹಾಕಿ ಹುಡುಗರಿಗೆ ನಾನು ಬರೆಸಿದ ನೋಟ್ಸು

ಮೊನ್ನೆ ಕಾಲೇಜಿನ ಹೊಸ ಉಪನ್ಯಾಸಕಿಯೊಬ್ಬರು ಮನೆ ಹುಡುಕಿಕೊಂಡು ಬಂದಿದ್ದರು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ, ಆಟಗಾರ ವಿದ್ಯಾರ್ಥಿಗಳ ಪಾಠ ನೋಡಿಕೊಳ್ಳುವ ಹೊಣೆಯನ್ನು ಅವರ ತಲೆಗೆ ಕಟ್ಟಿದ್ದಾರೆ. "ನಮ್ಮ ಕಾಲೇಜಲ್ಲಿ ಇದನ್ನ ಶುರುಮಾಡಿದ್ದೇ ನೀವಂತೆ ಸಾರ್, ಒಂದಷ್ಟು ಅನುಭವ ಹೇಳಿ" ಎಂದರು. ಶುರುಮಾಡಿದವನು ನಾನಲ್ಲ, ನನ್ನ ಕೊರಳಿಗೆ ಅದು ಗಂಟುಬಿದ್ದಿತು ಅಷ್ಟೆ ಎಂದೆ. ಅವರು ನಕ್ಕರು. ನಗುವ ವಿಷಯವಲ್ಲ, ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿಬಿಡುವಂಥದ್ದೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಯಾವಾಗ ಉಪನ್ಯಾಸಕನಾದೆ, ಯಾವಾಗ ಪ್ರೊಫೆಸರಾದೆ ಎಂಬುದೆಲ್ಲ ನನ್ನ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಇಲ್ಲಿ ಬರೆಯುವುದು ಅಲ್ಲಿ ಇಲ್ಲದ್ದು.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ನಮ್ಮದೇ ಪುಟ್ಟ ರಾಜ್ಯ, ಮಡಿಕೇರಿಯೇ ರಾಜಧಾನಿ. ಎಲ್ಲರಿಗೂ ಎಲ್ಲರೂ ಗೊತ್ತು, ಬೆಳಗ್ಗೆ ನಡೆದದ್ದು ಸಂಜೆಯವರೆಗೆ ಗುಟ್ಟಾಗಿ ಉಳಿಯುತ್ತಿರಲಿಲ್ಲ. ನಾನು ಶನಿವಾರಸಂತೆ ಕಡೆಯವನು, ಅಪ್ಪನಿಗೆ ಏಲಕ್ಕಿ ವ್ಯಾಪಾರ. ಮೈಸೂರಿನಲ್ಲಿ ಓದಿ ಬಂದು ಕಾಲೇಜಿನಲ್ಲಿ ಫಿಸಿಕ್ಸ್ ಟ್ಯೂಟರ್ ಆಗಿದ್ದೆ. ಟ್ಯೂಟರ್ ಎಂದರೆ ಉಪನ್ಯಾಸಕರಿಗಿಂತ ಬಹಳ ಕೆಳಗೆ, ಗಂಟೆ ಹೊಡೆಯುವವನಿಗಿಂತ ಸ್ವಲ್ಪ ಮೇಲೆ. ಅದೂ ಖಾಯಮ್ಮಾಗಿರಲಿಲ್ಲ, ಪ್ರೊಬೇಷನ್.

ಪ್ರಿನ್ಸಿಪಾಲರು ಮದ್ರಾಸಿನ ಕಡೆಯವರು. ಕನ್ನಡವನ್ನು ಅಳೆದು ತೂಗಿ ಆಡುತ್ತಿದ್ದರು. ಒಂದು ದಿನ ನನ್ನನ್ನು ಕರೆಸಿ ಕೇಳಿದರು.

"ನೀವು ಹಾಕಿ ಆಡಿದ್ದೀರಾ?"

"ಇಲ್ಲ ಸಾರ್."

"ನೋಡಿದ್ದೀರಾ?"

"ಇಲ್ಲ ಸಾರ್."

"ಬಹಳ ಒಳ್ಳೇದು. ಹಾಗಾದ್ರೆ ಆಟ ನೋಡ್ತಾ ನಿಲ್ಲೋದಿಲ್ಲ. ಹಾಕಿ ಹುಡುಗರ ಪಾಠ ಇನ್ನು ಮೇಲೆ ನಿಮ್ಮದು."

ವಿಷಯ ಇಷ್ಟು. ನಮ್ಮ ಕಾಲೇಜಿನ ಹಾಕಿ ತಂಡ ಎಲ್ಲಿ ಹೋದರೂ ಗೆದ್ದು ಬರುತ್ತಿತ್ತು. ಆದರೆ ಫೇಲಾದ ಹುಡುಗ ಮರುವರ್ಷ ಕಾಲೇಜಿನ ಪರವಾಗಿ ಆಡುವಂತಿರಲಿಲ್ಲ, ಇವರೋ ಸಾಲಾಗಿ ಫೇಲಾಗುತ್ತಿದ್ದರು. ತಂಡದಲ್ಲಿ ಏಳು ಜನ ಇಂಟರ್‌ಮೀಡಿಯಟ್ ಎರಡನೇ ವರ್ಷದವರು, ಎಲ್ಲರಿಗೂ ಫಿಸಿಕ್ಸ್. ಆ ಏಳೂ ಜನ ನನ್ನ ಪಾಲಿಗೆ ಬಂದರು.

ಮೊದಲ ತಿಂಗಳು ಅವರ ಮುಖವೇ ನನಗೆ ಕಾಣಿಸಲಿಲ್ಲ, ಕಾಣಿಸಿದ್ದು ರಜಾ ಅರ್ಜಿಗಳು. ಕೊಡವರ ಮನೆಯ ಮದುವೆಯಲ್ಲಿ ಬಾಳೆಯ ದಿಂಡು ಕಡಿಯುವ ಶಾಸ್ತ್ರವಿದೆ. ನೆಟ್ಟ ದಿಂಡನ್ನು ಒಂದೇ ಏಟಿಗೆ ತುಂಡುಮಾಡಬೇಕು. ಅದಕ್ಕೆ ತೋಳಲ್ಲಿ ಕಸುವಿರುವವರನ್ನು ಕರೆಯುತ್ತಾರೆ, ಹಾಕಿ ಹುಡುಗರಿಗಿಂತ ಬೇರೆ ಯಾರು ಸಿಗಬೇಕು? "ನಾಲ್ಕುನಾಡಿನಲ್ಲಿ ಬಾಳೆ ಕಡಿಯಲು ಹೋಗಬೇಕಾದ್ದರಿಂದ ಮೂರು ದಿನ ರಜೆ ದಯಪಾಲಿಸಬೇಕು" ಎಂದು ಅರ್ಜಿ. ಬಾಳೆ ಕಡಿಯಲು ಒಂದು ಕ್ಷಣ ಸಾಕು, ಮೂರು ದಿನ ಏಕೆ ಎಂದು ಕೇಳಿದರೆ, "ಕಡಿದ ಮೇಲೆ ಊಟ ಉಂಟಲ್ಲ ಸಾರ್" ಎಂಬ ಉತ್ತರ. ಮದುವೆ ಮುಗಿದರೆ ಕೈಲ್‌ಪೊಳ್ದ್ ಹಬ್ಬ, ಅದು ಮುಗಿದರೆ ಸುಗ್ಗಿಯ ಪುತ್ತರಿ. ಅದರ ನಡುವೆ ಪಂದ್ಯಗಳು. ಹಾಜರಾತಿ ಪುಸ್ತಕ ತೆರೆದರೆ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ತರಗತಿಗೆ ಬಂದ ದಿನವೂ ಸುಖವಿರಲಿಲ್ಲ. ಬೆಳಗ್ಗೆ ಎರಡು ಗಂಟೆ ಓಡಿ, ಅಕ್ಕಿರೊಟ್ಟಿ ತಿಂದು ಬಂದು ಬೆಂಚಿನ ಮೇಲೆ ಕೂತರೆ ಹತ್ತು ನಿಮಿಷದಲ್ಲಿ ಏಳು ತಲೆಗಳೂ ಒಂದೇ ಕಡೆಗೆ ವಾಲುತ್ತಿದ್ದವು. ಸರಿ, ಇವರ ಭಾಷೆಯಲ್ಲೇ ಹೇಳೋಣವೆಂದು ಒಮ್ಮೆ ಆವೇಗದ ಪಾಠವನ್ನು ಹಾಕಿ ಚೆಂಡಿನಿಂದ ಶುರುಮಾಡಿದೆ. ಕೋಲು ಚೆಂಡಿಗೆ ತಾಗಿದಾಗ ಎಂದು ನಾನು ಬಾಯಿ ತೆರೆದದ್ದೇ ತಡ, ಗೋಲ್‌ಕೀಪರ್ ಕುಶಾಲಪ್ಪನಿಗೆ ಎಚ್ಚರವಾಯಿತು. ಅವನು ಭಾಗಮಂಡಲದ ಕಡೆಯ ಗೌಡರ ಹುಡುಗ, ಮನೆಮಾತು ಅರೆಭಾಷೆ.

"ಸಾರ್, ಅದು ಪುಶ್ಶಾ, ಹಿಟ್ಟಾ?"

"ಯಾವುದಾದ್ರೇನಪ್ಪಾ?"

"ಯಾವುದಾದ್ರೇನು ಅಂದ್ರೆ ಹೆಂಗೆ ಸಾರ್? ನಂಗೆ ಗೊತ್ತುಟ್ಟು, ಎರಡೂ ಬೇರೆ."

ಆ ಗಂಟೆ ಪೂರ್ತಿ ಅವರು ಕೋಲಿನಿಂದ ತಳ್ಳುವ ಪುಶ್ಶು, ಬೀಸಿ ಹೊಡೆಯುವ ಹಿಟ್ಟುಗಳ ಬಗ್ಗೆ ಜಗಳವಾಡಿದರು. ಯಾರಿಗೂ ನಿದ್ದೆ ಬರಲಿಲ್ಲ, ಆವೇಗ ಮಾತ್ರ ಕಪ್ಪುಹಲಗೆಯ ಮೇಲೆ ಹಾಗೇ ಉಳಿಯಿತು.

ನನ್ನ ಇನ್ನೊಂದು ಕಷ್ಟದ ಹೆಸರು ಮಾದಪ್ಪನವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾಗಿ ಬಂದ ಗೇಮ್ಸ್ ಮಾಸ್ಟರ್. ಸಂಜೆ ನಾಲ್ಕರಿಂದ ಆರು ಗಂಟೆ ನನಗೆ ಕೊಡಿ ಎಂದರೆ, ಅದು ತಮ್ಮ ಆಸ್ತಿ ಎನ್ನುವಂತೆ ನೋಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ಆಟದ ನಡುವೆ ಹುಡುಗರು ದಣಿವಾರಿಸಿಕೊಳ್ಳುವಾಗ ನಾನು ಮೈದಾನಕ್ಕೇ ಬಂದು ಪಾಠ ಮಾಡಬೇಕು. ಅಟೆಂಡರನ ಕೈಲಿ ಕಪ್ಪುಹಲಗೆ ಹೊರಿಸಿಕೊಂಡು ಹೋಗಿ ಗೋಲಿನ ಕಂಬಕ್ಕೆ ಕಟ್ಟಿದೆ. ಮೂರನೇ ದಿನ ಒಂದು ಚೆಂಡು ಬಂದು ಬಡಿದು ಹಲಗೆ ನಡುವೆ ಸೀಳಿತು. ಬೇಕೆಂದೇ ಹೊಡೆದದ್ದಲ್ಲ ಎಂದು ಮಾದಪ್ಪನವರು ಪ್ರಮಾಣ ಮಾಡಿದರು. ಹೊಡೆತ ಮಾತ್ರ ಬಹಳ ಚೆನ್ನಾಗಿತ್ತು ಎಂದೂ ಸೇರಿಸಿದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಏಳರಲ್ಲಿ ಆರು ಜನ ಫೇಲಾದರು. ಪಾಸಾದವನು ಅಚ್ಚಯ್ಯ ಒಬ್ಬನೇ. ಅಮ್ಮತ್ತಿ ಕಡೆಯವನು, ತಂದೆ ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತಂಡದಲ್ಲಿ ಸೆಂಟರ್ ಹಾಫ್. ಮಾತು ಕಡಿಮೆ, ಕಣ್ಣು ಚುರುಕು. ಕಾಡಿನ ಹುಚ್ಚು ಹುಡುಗನಿಗೆ. ಅರಣ್ಯ ಇಲಾಖೆಯ ರೇಂಜರ್ ತರಬೇತಿಗೆ ಆಯ್ಕೆಯೂ ಆಗಿತ್ತು. ಜೂನ್ ಕೊನೆಯೊಳಗೆ ಇಂಟರ್‌ಮೀಡಿಯಟ್ ಪಾಸಾದ ಕಾಗದ ಒಪ್ಪಿಸಬೇಕು, ಇಲ್ಲದಿದ್ದರೆ ಜಾಗ ಮುಂದಿನವನಿಗೆ. ಇದನ್ನು ಅವನೇ ಬಂದು ಹೇಳಿದ್ದ, "ಫಿಸಿಕ್ಸ್ ಒಂದು ನೋಡ್ಕೊಳ್ಳಿ ಸಾರ್, ಉಳಿದದ್ದು ನಾನು ನೋಡ್ಕೊಳ್ತೇನೆ" ಎಂದಿದ್ದ.

ಆರು ಜನ ಫೇಲಾದ ಸುದ್ದಿ ಕೇಳಿ ಮಾದಪ್ಪನವರು ನನಗೇ ಪಾಠ ಹೇಳಲು ಬಂದರು. "ಎಂತ ಮೇಷ್ಟ್ರೇ, ನೀವು ಅರ್ಥ ಮಾಡಿಸ್ಲಿಕ್ಕೆ ಹೋಗ್ತೀರಿ. ಅಲ್ಲೇ ತಪ್ಪುವುದು. ಒಂದು ಪ್ರಶ್ನೆ, ಒಂದು ಉತ್ತರ. ರೈಫಲ್ ಬಿಚ್ಚಿ ಜೋಡಿಸಿದ ಹಾಗೆ. ಯಾಕೆ ಅಂತ ಕೇಳ್ಲಿಕ್ಕಿಲ್ಲ."

ನನಗೆ ಅದು ಹಿಡಿಸಿಬಿಟ್ಟಿತು. ಸಾಕಾಗಿ ಹೋಗಿತ್ತು, ನಿಜ ಹೇಳಬೇಕೆಂದರೆ. ನಮ್ಮ ಕಾಲೇಜಿನಲ್ಲಿ ನೋಟ್ಸ್ ಬರೆಸುವಂತಿರಲಿಲ್ಲ. ಪ್ರಿನ್ಸಿಪಾಲರಿಗೆ ಅದನ್ನು ಕಂಡರಾಗದು, ಪುಸ್ತಕ ಓದಿಸಲಾಗದ ಮೇಷ್ಟ್ರು ಮನೆಗೆ ಹೋಗಬಹುದು ಎಂದು ಸ್ಟಾಫ್ ಮೀಟಿಂಗಿನಲ್ಲೇ ಹೇಳಿದ್ದರು. ಆದರೂ ಇಪ್ಪತ್ತು ಪ್ರಶ್ನೆ ಆರಿಸಿ, ಇಪ್ಪತ್ತು ಉತ್ತರ ಇಂಗ್ಲಿಷಿನಲ್ಲಿ ತಯಾರಿಸಿ, ಗುಟ್ಟಾಗಿ ಮೈದಾನದಲ್ಲಿ ಬರೆಸಿದೆ. ಹುಡುಗರು ಮೈದಾನ ಸುತ್ತುತ್ತ ಅದನ್ನು ಬಾಯಿಪಾಠ ಮಾಡಿದರು. ಒಂದು ಸುತ್ತಿಗೆ ಒಂದು ಉತ್ತರ. ಯಾರಾದರೂ ಒಂದು ಪದ ತಪ್ಪಿದರೆ ಏಳೂ ಜನ ಇನ್ನೊಂದು ಸುತ್ತು ಓಡಬೇಕು. ಹದಿನೈದು ದಿನದಲ್ಲಿ ಏಳು ಬಾಯಿಂದ ಒಂದೇ ಮಾತು ಬರತೊಡಗಿತು. ನಾನು ಬೀಗಿದೆ. ಇಷ್ಟು ಸುಲಭದ ದಾರಿ ಬಿಟ್ಟು ಇಷ್ಟು ದಿನ ಗಂಟಲು ಹರಿದುಕೊಂಡೆನಲ್ಲ ಎಂದುಕೊಂಡೆ.

ಇಪ್ಪತ್ತರಲ್ಲಿ ಹದಿಮೂರನೆಯದು ಕಡಲಗಾಳಿ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನ ಕಡೆಯಿಂದ ತಂಪು ಗಾಳಿ ಬರುತ್ತದೆ. ರಾತ್ರಿ ಇದರ ಉಲ್ಟಾ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಬರೆಸುವಾಗ ಮಾದಪ್ಪನವರು ಆ ಕಡೆಯಿಂದ ಸೀಟಿ ಊದುತ್ತಿದ್ದರು, ನಾನು ಅವಸರದಲ್ಲಿ ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ ಹೇಳಿಬಿಟ್ಟೆ. ನಾನು ಅಲ್ಲಿಯವರೆಗೆ ಕಡಲು ನೋಡಿದವನೇ ಅಲ್ಲ. ನೋಡಿದ್ದರೆ ನಾಲಿಗೆ ತಡೆಯುತ್ತಿತ್ತೋ ಏನೋ.

ನೋಟ್‌ಬುಕ್ ತಿದ್ದುವಾಗ ಅಚ್ಚಯ್ಯನದರಲ್ಲಿ ಮಾತ್ರ ಹದಿಮೂರನೆಯ ಉತ್ತರ ಬೇರೆ ಇತ್ತು. ಕರೆದು ಕೇಳಿದೆ.

"ನೀವು ಹೇಳಿದ್ದು ತಿರುಗಾಮುರುಗ ಆಗಿದೆ ಸಾರ್" ಎಂದ. "ಕಲ್ಲಿಕೋಟೆಯಲ್ಲಿ ಆಡ್ಲಿಕ್ಕೆ ಹೋಗಿದ್ದೆವಲ್ಲ, ಮೈದಾನದ ಪಕ್ಕದಲ್ಲೇ ಕಡಲು. ಮಧ್ಯಾಹ್ನದ ಮೇಲೆ ಗಾಳಿ ಆ ಕಡೆಯಿಂದ್ಲೇ ಬರ್ತಿತ್ತು. ಮೇಲಕ್ಕೆ ಎತ್ತಿದ ಚೆಂಡು ಮುಂದೆ ಹೋಗ್ತಾನೇ ಇರ್ಲಿಲ್ಲ."

"ನೀನು ಅಲ್ಲಿ ಹಾಕಿ ಆಡಿದ್ಯೋ, ಗಾಳಿ ಅಳತೆ ಮಾಡಿದ್ಯೋ?"

"ಪುಸ್ತಕದಲ್ಲಿ ಒಮ್ಮೆ ನೋಡ್ಬಹುದಲ್ಲ ಸಾರ್."

ಪುಸ್ತಕ ಸ್ಟಾಫ್ ರೂಮಿನ ಕಪಾಟಿನಲ್ಲಿತ್ತು, ಹೋಗಿ ಬರಲು ಐದು ನಿಮಿಷ. ನಾನು ಹೋಗಲಿಲ್ಲ. ಆರು ಜನ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಒಬ್ಬನಿಗೆ ಸಡಿಲ ಬಿಟ್ಟರೆ ಇಡೀ ಕವಾಯತು ಕೆಡುತ್ತದೆ ಎನ್ನಿಸಿತು. ಇದು ನೆಪ. ಹಾಕಿ ಹುಡುಗ ಫಿಸಿಕ್ಸ್ ತಿದ್ದಲು ಬಂದನಲ್ಲ ಎಂಬ ಉರಿಯೇ ನಿಜವಾದ ಕಾರಣ. ಕೆಂಪು ಶಾಯಿಯಲ್ಲಿ ಅವನ ಉತ್ತರಕ್ಕೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ, "ಅಧಿಕಪ್ರಸಂಗ ಬೇಡ. ಕೊಟ್ಟದ್ದನ್ನು ಬರೆ" ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಏಳೂ ಜನರನ್ನು ಇನ್ನೊಂದು ಸುತ್ತು ಓಡಿಸಿದೆ. ಅಚ್ಚಯ್ಯನೂ ಓಡಿದ, ಓಡುತ್ತ ನಾನು ಕೊಟ್ಟದ್ದನ್ನೇ ಒಪ್ಪಿಸಿದ.

ಪರೀಕ್ಷೆಗೆ ಮೊದಲು ಏಳೂ ನೋಟ್‌ಬುಕ್ ವಾಪಸು ಪಡೆದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ, ಪ್ರಿನ್ಸಿಪಾಲರ ಕಣ್ಣಿಗೆ ಬೀಳದಿರಲೆಂದು. ಪರೀಕ್ಷೆಯಲ್ಲಿ ಇಪ್ಪತ್ತರಲ್ಲಿ ಆರು ಪ್ರಶ್ನೆ ಬಂದವು. ಹದಿಮೂರನೆಯದೂ ಬಂತು. ಮಾದಪ್ಪನವರು ಮೈದಾನದಿಂದ ಓಡಿಬಂದು ನನ್ನ ಕೈ ಕುಲುಕಿದರು.

ಜೂನ್ ಮೊದಲ ವಾರ ಉಳಿದವರ ಫಲಿತಾಂಶ ಬಂತು. ನಮ್ಮ ಏಳು ಜನರದು ತಡೆಹಿಡಿಯಲಾಗಿತ್ತು. ಜೊತೆಗೆ ವಿಶ್ವವಿದ್ಯಾನಿಲಯದ ಒಂದು ಕಾಗದ. ಏಳು ಉತ್ತರಪತ್ರಿಕೆಗಳಲ್ಲಿ ಒಂದೇ ಉತ್ತರ ಪದಕ್ಕೆ ಪದ, ತಪ್ಪಿಗೆ ತಪ್ಪು ಒಂದೇ ತೆರನಾಗಿದೆ, ಸಾಮೂಹಿಕ ನಕಲು ನಡೆದಿರುವ ಶಂಕೆಯಿದೆ, ವಿಚಾರಣೆಗೆ ಅಧಿಕಾರಿ ಬರುತ್ತಾರೆ. ತಪ್ಪು ಯಾವುದೆಂದೂ ಬರೆದಿದ್ದರು. ಆಗ ಹೋಗಿ ಪುಸ್ತಕ ತೆಗೆದೆ. ಅಚ್ಚಯ್ಯ ಬರೆದದ್ದೇ ಅಲ್ಲಿತ್ತು.

ಅಂದೇ ಪ್ರಿನ್ಸಿಪಾಲರ ಬಳಿ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಹುಡುಗರು ನಕಲು ಮಾಡಿಲ್ಲ, ಅದು ಹೇಗೋ ತಾನಾಗಿ ಗೊತ್ತಾಗುತ್ತದೆ, ನಾನೇಕೆ ನೌಕರಿ ಕಳೆದುಕೊಳ್ಳಬೇಕು ಎಂದು ಲೆಕ್ಕ ಹಾಕಿದೆ. ಅತ್ತ ಮಾದಪ್ಪನವರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಮೇಷ್ಟ್ರ ಹೆಸರು ಯಾರ ಬಾಯಲ್ಲೂ ಬರಬಾರದು ಎಂದು ಕಟ್ಟಪ್ಪಣೆ ಮಾಡಿದರು. ನನಗೆ ಉಪಕಾರ ಮಾಡುತ್ತಿದ್ದೇನೆಂದು ಅವರ ಎಣಿಕೆ. ಅಧಿಕಾರಿ ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುತ್ತಲೇ ಜೂನ್ ಮೂರು ವಾರ ಕಳೆಯಿತು.

ಬಂದವರು ಬಿಳಿಕೂದಲಿನ, ಸಮಾಧಾನದ ಮನುಷ್ಯ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತರು, ಪಕ್ಕದಲ್ಲಿ ಪ್ರಿನ್ಸಿಪಾಲರು, ಗೋಡೆಗೆ ಹತ್ತಿಕೊಂಡು ನಾನು. ಹುಡುಗರನ್ನು ಒಬ್ಬೊಬ್ಬರಾಗಿ ಕರೆದು, ಕಡಲಗಾಳಿಯ ಉತ್ತರ ಬಾಯಲ್ಲಿ ಹೇಳು ಎಂದರು. ಕುಶಾಲಪ್ಪ ಮೊದಲು ಬಂದ. ಅಟೆನ್ಷನ್ನಿನಲ್ಲಿ ನಿಂತು, ಉಸಿರು ಎಳೆದುಕೊಂಡು, ಉತ್ತರಪತ್ರಿಕೆಯಲ್ಲಿದ್ದದ್ದನ್ನು ಒಂದು ಪದ ಬಿಡದೆ ಒಪ್ಪಿಸಿದ. ಓಡುತ್ತ ಕಲಿತದ್ದಕ್ಕೋ ಏನೋ, ಹೇಳುವಾಗ ಕಾಲೂ ಅಲ್ಲಾಡುತ್ತಿತ್ತು. ಅಧಿಕಾರಿ ಪತ್ರಿಕೆಯ ಮೇಲೆ ಬೆರಳಿಟ್ಟು ಹೋಲಿಸಿದರು. ಎರಡನೆಯವನೂ ಹಾಗೇ, ಮೂರನೆಯವನೂ ಹಾಗೇ. ಆರು ಜನ ಮುಗಿಯುವಷ್ಟರಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ.

"ಇವರು ನಕಲು ಮಾಡಿಲ್ಲ" ಎಂದರು. "ಬಾಯಿಪಾಠ ಮಾಡಿದ್ದಾರೆ. ಬರೆಸಿದವರು ಯಾರು?"

"ನಾನು ಸಾರ್" ಎಂದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ತಪ್ಪೂ ನಿಮ್ಮದೋ?"

ಹೌದು ಎನ್ನಲು ಬಾಯಿ ತೆರೆದೆ. "ಹುಡುಗರು ಬರ್ಕೊಳ್ಳುವಾಗ ತಪ್ಪಿರಬಹುದು" ಎಂಬ ಮಾತು ಹೊರಗೆ ಬಂತು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಅಚ್ಚಯ್ಯ ಬಂದ. ಅಧಿಕಾರಿ ಅದೇ ಪ್ರಶ್ನೆ ಕೇಳಿದರು. ಅವನು, "ಪತ್ರಿಕೆಯಲ್ಲಿ ಬರ್ದದ್ದು ಹೇಳ್ಬೇಕಾ ಸಾರ್, ಸರಿಯಾದದ್ದು ಹೇಳ್ಬೇಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಸರಿಯಾದದ್ದು ಹೇಳು."

ಹೇಳಿದ. ತನ್ನದೇ ಮಾತಿನಲ್ಲಿ, ಕಾರಣ ಸಮೇತ, ನೆಲ ಮೊದಲು ಏಕೆ ಕಾಯುತ್ತದೆ ಎನ್ನುವುದರಿಂದ ಹಿಡಿದು. ನಾನು ವರ್ಷವಿಡೀ ಹೇಳಿಸಲು ಒದ್ದಾಡಿದ ಉತ್ತರ ಅದು.

"ಇಷ್ಟು ಗೊತ್ತಿದ್ದವನು ಪತ್ರಿಕೆಯಲ್ಲಿ ತಪ್ಪು ಬರೆದದ್ದೇಕೆ?"

ಅಚ್ಚಯ್ಯ ಮಾತಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಧಿಕಾರಿ ಇನ್ನೆರಡು ಸಲ ಕೇಳಿ, ಪೆನ್ನು ಕೈಗೆತ್ತಿಕೊಂಡರು. ಅವರು ಯೋಚಿಸಿದ್ದು ನ್ಯಾಯವಾಗಿಯೇ ಇತ್ತು. ಆರು ಜನ ಬಾಯಿಪಾಠ ಮಾಡಿದ್ದನ್ನೇ ಬರೆದರು, ಸರಿ ಗೊತ್ತಿದ್ದವನು ತಪ್ಪನ್ನು ಬರೆಯುವುದಿಲ್ಲ. ಆದ್ದರಿಂದ ಇವನು ಪಕ್ಕದವನದು ನೋಡಿ ಬರೆದಿದ್ದಾನೆ, ಆಮೇಲೆ ಮನೆಯಲ್ಲಿ ಪುಸ್ತಕ ನೋಡಿಕೊಂಡು ಬಂದಿದ್ದಾನೆ. "ಆರು ಜನರನ್ನು ಬಿಡಬಹುದು. ಈ ಹುಡುಗ ಎರಡು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದು ಬರೆದಿದ್ದೇನೆ" ಎಂದು ಹೇಳಿ, ಊಟಕ್ಕೆ ಎದ್ದರು.

ನಾನು ಸ್ಟಾಫ್ ರೂಮಿಗೆ ಹೋಗಿ ಕೂತೆ. ಮಾದಪ್ಪನವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅಷ್ಟು ಹೊತ್ತಿಗೆ ಅವರಿಗೆಲ್ಲ ಗೊತ್ತಾಗಿತ್ತು.

"ಹುಡುಗ ಬಾಯಿ ಬಿಡುವುದಿಲ್ಲ ಮೇಷ್ಟ್ರೇ. ಬಿಡ್ಬೇಡ ಅಂತ ನಾನೇ ಹೇಳಿದ್ದು. ಈಗ ಬಿಡು ಅಂದ್ರೂ ಬಿಡುವುದಿಲ್ಲ, ಆ ಜಾತಿಯೇ ಅಲ್ಲ ಅವನು" ಎಂದರು. "ನನ್ನ ಹತ್ರ ಹೇಳ್ಲಿಕ್ಕೆ ಎಂತ ಇಲ್ಲ. ನಿಮ್ಮ ಹತ್ರ ಉಂಟಾ?"

ಇತ್ತು. ಡ್ರಾಯರಿನಲ್ಲಿತ್ತು. ಬೀಗ ತೆಗೆದು ಅಚ್ಚಯ್ಯನ ನೋಟ್‌ಬುಕ್ ಹೊರತೆಗೆದೆ. ಆ ಪುಟ ಹರಿದರೆ ಪ್ರಪಂಚದಲ್ಲಿ ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮಾದಪ್ಪನವರು ಅಲ್ಲೇ ನಿಂತಿದ್ದರು. ಅವರು ನಿಂತಿರದಿದ್ದರೆ ಏನು ಮಾಡುತ್ತಿದ್ದೆನೋ, ಧೈರ್ಯವಾಗಿ ಹೇಳಲಾರೆ. ಎದ್ದು ಹೋಗಿ ಅಧಿಕಾರಿಯ ಮುಂದೆ ಆ ಪುಟ ತೆರೆದಿಟ್ಟೆ.

ಅವರು ಹುಡುಗನ ಉತ್ತರ ಓದಿದರು. ನನ್ನ ಕೆಂಪು ಗೆರೆ ನೋಡಿದರು. ಪಕ್ಕದ ಟಿಪ್ಪಣಿಯನ್ನು ಪ್ರಿನ್ಸಿಪಾಲರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು.

"ನೀವು ಕಡಲು ನೋಡಿದ್ದೀರಾ?" ಎಂದು ಕೇಳಿದರು.

"ಇಲ್ಲ ಸಾರ್."

"ಈ ಹುಡುಗ?"

"ನೋಡಿದ್ದಾನೆ ಸಾರ್. ಹಾಕಿ ಆಡಲು ಹೋದಾಗ."

ಅವರು ಬರೆದಿದ್ದ ಹಾಳೆ ಹರಿದು ಬುಟ್ಟಿಗೆ ಹಾಕಿದರು. ಪ್ರಿನ್ಸಿಪಾಲರು ನನ್ನನ್ನು ಮನೆಗೆ ಕಳಿಸಲಿಲ್ಲ, ಪ್ರೊಬೇಷನ್ನನ್ನು ಇನ್ನೆರಡು ವರ್ಷ ಎಳೆದರು. ಆ ಎರಡು ವರ್ಷವೂ ನನ್ನೊಡನೆ ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲ.

ಏಳು ಜನರ ಫಲಿತಾಂಶ ಜುಲೈ ಎರಡನೇ ವಾರ ಬಂತು. ಐದು ಜನ ಪಾಸು. ಅಚ್ಚಯ್ಯ ಎಲ್ಲರಿಗಿಂತ ಮೇಲೆ. ಅಷ್ಟರಲ್ಲಿ ರೇಂಜರ್ ತರಬೇತಿಯ ಜಾಗ ಮುಂದಿನವನಿಗೆ ಹೋಗಿತ್ತು. ಕಾಗದ ಬಂದ ದಿನವೇ ನಾನು ಬಾಯಿ ಬಿಟ್ಟಿದ್ದರೆ ವಿಚಾರಣೆಯೇ ಬೇಕಾಗುತ್ತಿರಲಿಲ್ಲ. ಇಲಾಖೆಗೆ ಅರ್ಜಿ ಬರೆದೆ, ಕಚೇರಿಗೆ ಹೋಗಿ ಕಾದು ನಿಂತೆ, ಕೊನೆಯ ದಿನ ಎಂದರೆ ಕೊನೆಯ ದಿನ ಎಂದರು. ಅಚ್ಚಯ್ಯ ಒಂದು ವರ್ಷ ತಂದೆಯ ಜೊತೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮೇಲ್ವಿಚಾರಣೆ ಮಾಡಿ, ಮರುವರ್ಷ ಮತ್ತೆ ಆಯ್ಕೆಯಾಗಿ ತರಬೇತಿಗೆ ಹೋದ. ಒಂದು ವರ್ಷ ತಾನೆ ಎಂದು ಜನ ಸಮಾಧಾನ ಹೇಳುತ್ತಾರೆ. ಇಪ್ಪತ್ತು ವರ್ಷದ ಹುಡುಗನಿಗೆ ಒಂದು ವರ್ಷ ಎಷ್ಟು ದೊಡ್ಡದೆಂದು ಅವನನ್ನು ಕೇಳಬೇಕು.

ಅಂಕಪಟ್ಟಿ ತೆಗೆದುಕೊಳ್ಳಲು ಅವನು ಕಾಲೇಜಿಗೆ ಬಂದಾಗ ನಾನು ಎದುರಾದೆ. "ತಪ್ಪಾಯ್ತು ಅಚ್ಚಯ್ಯ" ಎಂದೆ ಅಷ್ಟೆ. ಅವನು ಅಂಕಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

"ಈ ವರ್ಷದ ಹುಡುಗರಿಗೆ ನೋಟ್ಸ್ ಬರೆಸ್ಬೇಡಿ ಸಾರ್" ಎಂದ. "ತಪ್ಪು ಅಂತ ಗೊತ್ತಿದ್ರೂ ಬರೀತಾರೆ."